ನಾಳೆ ಮೇಡಂ ಮತ್ತು ನನ್ನ ತೋರುಬೆರಳು

ಮೂರು ವರ್ಷ ನಾನು ಡಾಕ್ಟರಾಗಿದ್ದೆ. ಓದಿ ಆದದ್ದಲ್ಲ, ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು ಆದದ್ದು. "ಡಾಕ್ಟ್ರೇ, ಗಂಟಲು ಕೆರೀತಿದೆ, ಏನಾದ್ರೂ ಕೊಡಿ" ಎಂದು ಯಾರಾದರೂ ಬಂದರೆ ಹುಬ್ಬು ಗಂಟಿಕ್ಕಿ, "ಎಷ್ಟು ದಿನದಿಂದ?" ಎಂದು ಕೇಳುತ್ತಿದ್ದೆ. ಉತ್ತರ ಏನೇ ಬಂದರೂ ಕೊಡುತ್ತಿದ್ದ ಮಾತ್ರೆ ಒಂದೇ. ಆದರೆ ಆ ಪ್ರಶ್ನೆ ಕೇಳುವಾಗ ನನ್ನ ಮುಖದ ಮೇಲೆ ಇಳಿಯುತ್ತಿದ್ದ ಗಾಂಭೀರ್ಯ ನೋಡಿದ್ದರೆ ಯಾವ ಕಾಲೇಜಾದರೂ ಕರೆದು ಪದವಿ ಕೊಡುತ್ತಿತ್ತು.

ನಮ್ಮ ಅಂಗಡಿ ಇರುವುದು ದೊಡ್ಡ ಆಸ್ಪತ್ರೆಯ ಎದುರಿಗೆ. ಗೇಟಿನಿಂದ ರಸ್ತೆ ದಾಟಿದರೆ ಸಿಗುವ ನಾಲ್ಕು ಔಷಧ ಅಂಗಡಿಗಳಲ್ಲಿ ಮೂರನೆಯದು. ಅಲ್ಲಿ ಒಂದು ಪದ್ಧತಿ ಇತ್ತು. ಡಾಕ್ಟರು ಏಳು ದಿನಕ್ಕೆಂದು ಬರೆದ ಆಂಟಿಬಯಾಟಿಕ್ಕನ್ನು ಜನ ಎರಡು ದಿನಕ್ಕೆ ಕೇಳುತ್ತಾರೆ. "ಸದ್ಯಕ್ಕೆ ನಾಲ್ಕು ಕೊಡಿ, ಕಡಿಮೆ ಆಗ್ಲಿಲ್ಲ ಅಂದ್ರೆ ಮತ್ತೆ ಬರ್ತೀನಿ." ನಾವು ಕತ್ತರಿ ತೆಗೆದು ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಕೊಡುತ್ತಿದ್ದೆವು. ಉಳಿದ ತುಂಡು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತಿತ್ತು. ಔಷಧದ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಕು ಇನ್ನೊಂದರಲ್ಲಿ. ಆಮೇಲೆ ಚೀಟಿ ಇಲ್ಲದೆ ಬಂದವರಿಗೆ ಆ ಡಬ್ಬಿಯಲ್ಲೇ ಕೈಯಾಡಿಸಿ, ಬಣ್ಣ ನೋಡಿ ಕೊಡುವುದು. ಯಜಮಾನರು ಅದನ್ನು ಚಿಲ್ಲರೆ ಡಬ್ಬಿ ಎನ್ನುತ್ತಿದ್ದರು. ಅದರಲ್ಲಿ ಕೈಯಾಡಿಸುವ ಚಾಕಚಕ್ಯತೆಯಲ್ಲಿ ನನ್ನನ್ನು ಮೀರಿಸಿದವರು ಆ ಸಾಲಿನಲ್ಲೇ ಇರಲಿಲ್ಲ.

ನಾಳೆ ಮೇಡಂ ಹೆಸರು ನಾನು ಮೊದಲು ಕೇಳಿದ್ದು ಗಿರಾಕಿಗಳ ಬೈಗುಳದಲ್ಲಿ. ಆಸ್ಪತ್ರೆಯ ನೆಲಮಹಡಿಯಲ್ಲಿ, ಉದ್ದನೆಯ ಓಣಿಯ ಕೊನೆಯಲ್ಲಿ ಕೀವು, ಕಫ, ಮೂತ್ರ, ರಕ್ತಗಳಲ್ಲಿ ಯಾವ ರೋಗಾಣು ಇದೆ ಎಂದು ಬೆಳೆಸಿ ನೋಡುವ ಲ್ಯಾಬು ಇದೆ. ಅಲ್ಲಿನ ಟೆಕ್ನಿಷಿಯನ್ ಒಬ್ಬರು ಯಾರು ಎಷ್ಟು ಅವಸರಪಡಿಸಿದರೂ "ನಾಳೆ" ಎನ್ನುತ್ತಾರಂತೆ. ನಾಳೆ ಹೋದರೆ ಕೆಲವು ಸಲ ಮತ್ತೆ "ನಾಳೆ". ರೋಗಿಗಳ ಕಡೆಯವರು ಸಿಟ್ಟಿನಿಂದ ರಸ್ತೆ ದಾಟಿ ನಮ್ಮಲ್ಲಿಗೆ ಬರುತ್ತಿದ್ದರು.

"ನಾಳೆವರೆಗೂ ಕಾಯೋಕೆ ಅದೇನು ಬಸ್ಸಾ?" ಎಂದು ನಾನು ನಗಿಸುತ್ತಿದ್ದೆ. "ಇದನ್ನ ತಗೊಳ್ಳಿ, ಇವತ್ತೇ ಬಿಡುತ್ತೆ."

ನಕ್ಕವರೆಲ್ಲ ವಾಸಿಯಾದರೋ ಇಲ್ಲವೋ ನಾನು ವಿಚಾರಿಸಿದವನಲ್ಲ.

ನನ್ನ ಬೆರಳಿನ ಕಥೆ ಶುರುವಾದದ್ದು ಶುದ್ಧ ಸೋಮಾರಿತನದಿಂದ. ಸರಕು ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಲು ಕತ್ತರಿ ಬೇಕಿತ್ತು, ಕತ್ತರಿ ಎರಡು ಹೆಜ್ಜೆ ದೂರದಲ್ಲಿತ್ತು. ಎರಡು ಹೆಜ್ಜೆ ಯಾರು ಹೋಗುತ್ತಾರೆ ಎಂದು ಕೈಯಿಂದಲೇ ಎಳೆದೆ. ಪೆಟ್ಟಿಗೆಗೆ ಹೊಡೆದಿದ್ದ ದಪ್ಪ ಪಿನ್ನು ಬಲಗೈ ತೋರುಬೆರಳಿನ ತುದಿಯಲ್ಲಿ ಮೂಳೆ ಮುಟ್ಟುವಷ್ಟು ಹೊಕ್ಕಿತು. ಚೀಪಿ, ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದೆ.

ಮೂರನೇ ದಿನ ಬೆರಳು ಊದಿತು. ಡಾಕ್ಟರು ಅಂಗಡಿಯಲ್ಲೇ ಇದ್ದರಲ್ಲ, ನಾನೇ. ಡಬ್ಬಿಗೆ ಕೈ ಹಾಕಿ ಎರಡು ದಿನ ಕೆಂಪು ಹಳದಿ ಕ್ಯಾಪ್ಸೂಲು ನುಂಗಿದೆ. ನೋವು ಇಳಿಯಿತು, ನಿಲ್ಲಿಸಿದೆ. ನಾಲ್ಕು ದಿನಕ್ಕೆ ಮತ್ತೆ ಊದಿತು. ಬಿಳಿಯ ಉದ್ದ ಮಾತ್ರೆ, ಒಟ್ಟು ಮೂರು, ಏಕೆಂದರೆ ಡಬ್ಬಿಯಲ್ಲಿ ಇದ್ದದ್ದೇ ಮೂರು. ಇಳಿಯಿತು, ನಿಲ್ಲಿಸಿದೆ. ಮತ್ತೆ ಊದಿದಾಗ ಗುಲಾಬಿ. ಆಮೇಲೆ, ಇದು ತುಂಬ ಸ್ಟ್ರಾಂಗು ಎಂದು ಹೆದರಿಸಿ ಮಾರುತ್ತಿದ್ದ ನೀಲಿ. ಮೂರು ವಾರ ಹೀಗೆ ಬಣ್ಣ ಬದಲಾಯಿಸುತ್ತ ಹೋದೆ.

ಅಮ್ಮ ದಿನಾ ಬೈಯುತ್ತಿದ್ದಳು. "ಎದುರಿಗೇ ಆಸ್ಪತ್ರೆ ಇದೆ. ರಸ್ತೆ ದಾಟೋಕೆ ನಿನಗೇನು ರೋಗ?"

"ಅಮ್ಮಾ, ನಾನು ಇರೋದೇ ಆ ಫೀಲ್ಡಲ್ಲಿ."

"ಬೆದರುಬೊಂಬೆನೂ ಇರೋದು ಹೊಲದಲ್ಲೇ. ಬೆಳೆ ಬೆಳೆಯುತ್ತಾ ಅದು?"

ನಾಲ್ಕನೇ ವಾರ ಬೆರಳು ನನ್ನದಲ್ಲದ ಬಣ್ಣಕ್ಕೆ ತಿರುಗಿದಾಗ ರಸ್ತೆ ದಾಟಿದೆ. ಸರ್ಜನ್ ಮಿತಭಾಷಿ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಬೆರಳ ತುದಿಯ ಮೂಳೆ ಇಲಿ ಕಡಿದಿಟ್ಟ ಬಿಸ್ಕತ್ತಿನ ಹಾಗಿತ್ತು. ಅವತ್ತೇ ಅಡ್ಮಿಟ್ ಮಾಡಿ, ಬೆರಳು ಕೊಯ್ದು, ಕೀವು ತೆಗೆದು ಒಂದಿಷ್ಟನ್ನು ಲ್ಯಾಬಿಗೆ ಕಳಿಸಲು ಬಾಟಲಿಗೆ ತುಂಬಿದರು. ವಾರ್ಡಿನ ಸಿಸ್ಟರ್ ಜೊತೆಗೆ ಹೋಗುವ ಫಾರಂ ತುಂಬುತ್ತ ಕೇಳಿದರು.

"ಈ ಮುಂಚೆ ಯಾವುದಾದ್ರೂ ಆಂಟಿಬಯಾಟಿಕ್ ತಗೊಂಡಿದ್ದೀರಾ?"

ಆ ಸಿಸ್ಟರ್ ನಮ್ಮ ಅಂಗಡಿಯ ಗಿರಾಕಿ. ಕೌಂಟರಿನಲ್ಲಿ ನನ್ನ ಗಾಂಭೀರ್ಯ ನೋಡಿದವರು. ಅವರ ಮುಂದೆ ಕೆಂಪು, ಬಿಳಿ, ಗುಲಾಬಿ, ನೀಲಿ ಎಂದು ಬಾವುಟದ ಬಣ್ಣ ಹೇಳುವ ಹಾಗೆ ಹೇಗೆ ಹೇಳುವುದು? ಅವತ್ತು ಬೆಳಿಗ್ಗೆಯೂ ಮನೆಯಿಂದ ಹೊರಡುವ ಮುಂಚೆ, ಇರಲಿ ಎಂದು ಎರಡು ನೀಲಿ ನುಂಗಿ ಬಂದಿದ್ದೆ.

"ಇಲ್ಲ ಸಿಸ್ಟರ್," ಎಂದೆ. ಅವರು ಬರೆದುಕೊಂಡರು.

ಸರ್ಜನ್ ಸಾಮಾನ್ಯವಾಗಿ ಕೊಡುವ ಔಷಧವನ್ನು ಡ್ರಿಪ್ಪಿನಲ್ಲಿ ಶುರು ಮಾಡಿದರು. ಮೂರನೇ ದಿನ ರೌಂಡ್ಸಿಗೆ ಬಂದಾಗ ಬೆರಳು ಇಳಿಯುವ ಬದಲು ಅಂಗೈ ಕಡೆಗೆ ಕೆಂಪು ಹಬ್ಬಿಸಿಕೊಂಡು ಕುಳಿತಿತ್ತು.

"ಲ್ಯಾಬಿನ ತಟ್ಟೆಯಲ್ಲಿ ಏನೂ ಬೆಳೆದಿಲ್ಲ," ಎಂದರು. "ಕೊಡ್ತಿರೋ ಔಷಧ ಹಿಡೀತಿಲ್ಲ. ಯಾವುದು ಹಿಡಿಯುತ್ತೆ ಗೊತ್ತಿಲ್ಲ. ಕುರುಡಾಗಿ ಎಷ್ಟು ದಿನ ಕೊಡಲಿ? ಶುಕ್ರವಾರ ತೆಗೆದುಬಿಡೋಣ."

"ಕೀವಾ ಸಾರ್?"

"ಬೆರಳು. ಇಲ್ಲಾಂದ್ರೆ ಕೈಗೆ ಹೋಗುತ್ತೆ."

ಅವತ್ತು ಬುಧವಾರ. ಅಮ್ಮ ಸ್ಟೂಲಿನ ಮೇಲೆ ಕುಳಿತಿದ್ದಳು. ಬೈಯಲಿಲ್ಲ. ಅಮ್ಮ ಬೈಯದೆ ಕುಳಿತದ್ದನ್ನು ಕಂಡಾಗಲೇ ನನಗೆ ವಿಷಯ ಎಷ್ಟು ದೊಡ್ಡದೆಂದು ಗೊತ್ತಾಯಿತು. ಬಲಗೈ ತೋರುಬೆರಳು ಇಲ್ಲದವನು ಮಾತ್ರೆ ಎಣಿಸುವುದು ಹೇಗೆ, ಕತ್ತರಿ ಹಿಡಿಯುವುದು ಹೇಗೆ, ಬಿಲ್ಲು ಬರೆಯುವುದು ಹೇಗೆ? ಎಡಗೈಯಲ್ಲಿ ಸಹಿ ಹಾಕಿ ನೋಡಿದೆ. ಸತ್ತ ಜಿರಳೆಯ ಹಾಗೆ ಬಂತು.

ಮಧ್ಯಾಹ್ನ ಒಬ್ಬ ಗಿಡ್ಡ ಹೆಂಗಸು ವಾರ್ಡಿಗೆ ಬಂದರು. ನರೆತ ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ್ದರು, ಕನ್ನಡಕಕ್ಕೆ ದಾರ. ಕೈಯಲ್ಲಿ ನನ್ನ ಫಾರಂ ಮಾತ್ರ ಇತ್ತು. ಹಾಸಿಗೆಯ ಪಕ್ಕ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎದುರುಗಡೆ ಅಂಗಡೀಲಿ ಇರೋನು ನೀನೇ ಅಲ್ವಾ? ನನ್ನ ಬಸ್ಸಿನ ಜೋಕು ಮಾಡೋನು?"

ನಾಳೆ ಮೇಡಂ ಎಂದು ಆಗ ಗೊತ್ತಾಯಿತು. ನನಗೆ ಭೂಮಿ ಬಾಯಿ ಬಿಡಬೇಕಿತ್ತು, ಆದರೆ ವಾರ್ಡು ಎರಡನೇ ಮಹಡಿಯಲ್ಲಿತ್ತು.

"ಏನೇನು ನುಂಗಿದ್ದೀಯ?"

"ಏನೂ ಇಲ್ಲ ಮೇಡಂ. ಫಾರಂನಲ್ಲಿ ಬರೆಸಿದ್ದೀನಲ್ಲ."

"ಫಾರಂ ನೀನು ಹೇಳಿದ್ದು. ಕೀವು ಬೇರೆ ಹೇಳ್ತಿದೆ." ಅವರು ದನಿ ಏರಿಸಲಿಲ್ಲ. "ನಿನ್ನ ಕೀವನ್ನ ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಲ್ಲಿ ನೋಡಿದೆ. ಒಳಗೆ ಸಂತೆ ನೆರೆದಿದೆ. ಅದೇ ಕೀವನ್ನ ತಟ್ಟೆಗೆ ಹಾಕಿದ್ರೆ ಒಬ್ರೂ ಬೆಳೀಲಿಲ್ಲ. ಒಂದು ದಿನ ಕಾದೆ, ಎರಡು ದಿನ ಕಾದೆ. ಅಷ್ಟು ಜನ ಇದ್ದೋರು ಎದ್ದು ಬರ್ಲಿಲ್ಲ ಅಂದ್ರೆ ಅವರ ತಲೆ ಮೇಲೆ ಆಗಲೇ ಏನೋ ಸುರಿದಿದೆ. ಸತ್ತಿಲ್ಲ, ಮಂಕಾಗಿದ್ದಾರೆ. ಹೇಳಪ್ಪ, ಏನು ಸುರಿದೆ?"

ರೋಗಾಣುಗಳನ್ನು ಅವರು ಹೀಗೇ ಮನುಷ್ಯರ ಹಾಗೆ ಕರೆಯುತ್ತಾರೆ. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಹೇಳಿಬಿಟ್ಟಳು. "ಬಣ್ಣ ಬಣ್ಣದ್ದು ನುಂಗಿದ್ದಾನೆ ತಾಯಿ. ಕಾಮನಬಿಲ್ಲು ಪೂರ್ತಿ ಆಗಿದೆ."

ಆಮೇಲೆ ನಾನು ಒಂದೊಂದಾಗಿ ಹೇಳಿದೆ. ಅವರು ಫಾರಂನ ಹಿಂದೆ ಬರೆದುಕೊಂಡರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಕೊನೇದು ಯಾವತ್ತು?" "ಸೋಮವಾರ ಬೆಳಿಗ್ಗೆ." "ಎಷ್ಟು?" "ಎರಡು." ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿ, "ಇಷ್ಟನ್ನ ಮೊದ್ಲೇ ಹೇಳಿದ್ದಿದ್ರೆ ಮೂರು ದಿನ ಉಳೀತಿತ್ತು" ಎಂದು ಸೀದಾ ಸರ್ಜನ್ ಕೋಣೆಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. ವಾರ್ಡಿನ ಆ ಮೂಲೆಯಲ್ಲಿದ್ದ ನಾವೆಲ್ಲ ಕಿವಿಯಾದೆವು.

"ಎಲ್ಲ ಔಷಧ ನಿಲ್ಲಿಸಿ ಸಾರ್. ಏಳು ದಿನ. ಮೈಯಿಂದ ಪೂರ್ತಿ ಇಳೀಲಿ. ಆಮೇಲೆ ಮೂಳೆಯಿಂದ ಒಂದು ಚೂರು ಕೊಡಿ, ಯಾರಿದ್ದಾರೆ, ಯಾವುದಕ್ಕೆ ಬಗ್ಗುತ್ತಾರೆ ಹೇಳ್ತೀನಿ."

"ಏಳು ದಿನದಲ್ಲಿ ಕೈಗೆ ಹತ್ತಿದ್ರೆ ಯಾರು ಹೊಣೆ?"

"ಹತ್ತಿದ್ರೆ ಆ ಗಂಟೇಲೇ ತೆಗೀರಿ. ನಾನೇನು ಅಡ್ಡ ಬರಲ್ಲ. ಆದ್ರೆ ಈಗ ತೆಗೆದ್ರೂ ಮಿಕ್ಕ ಕೈಗೆ ಯಾವ ಔಷಧ ಕೊಡ್ತೀರಿ? ಅದೂ ಗೊತ್ತಿಲ್ವಲ್ಲ."

ಆಮೇಲೆ ಸರ್ಜನ್ ಬಂದು ನನ್ನ ಅಂಗೈ ಹಿಡಿದು, ಕೆಂಪು ಎಲ್ಲಿಯವರೆಗೆ ಬಂದಿದೆಯೋ ಅದರಿಂದ ಒಂದು ಬೆರಳಗಲ ಆಚೆ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದರು. "ಇದನ್ನ ದಾಟಿತು ಅಂದ್ರೆ ಮಾತಿಲ್ಲ, ಥಿಯೇಟರ್. ಜ್ವರ ಏರಿದ್ರೂ ಅಷ್ಟೇ." ಡ್ರಿಪ್ಪು ಬಿಚ್ಚಿಸಿದರು.

ಆ ಏಳು ದಿನ ನಮ್ಮ ಮನೆಯವರ ಬದುಕೆಲ್ಲ ಆ ಗೆರೆಯ ಮೇಲಿತ್ತು. ಸಿಸ್ಟರ್ ನಾಲ್ಕು ಗಂಟೆಗೊಮ್ಮೆ ಜ್ವರ ನೋಡುತ್ತಿದ್ದರು, ಅಮ್ಮ ನಾಲ್ಕು ನಿಮಿಷಕ್ಕೊಮ್ಮೆ ಗೆರೆ ನೋಡುತ್ತಿದ್ದಳು. ಬೆವರಿಗೆ ಗೆರೆ ಮಾಸಿದಾಗ ಸಿಸ್ಟರ್ ಮತ್ತೆ ಎಳೆದರು. "ಒಂದು ಕೂದಲೆಳೆ ಮೇಲೆ ಹೋಯ್ತಲ್ಲಮ್ಮ," ಎಂದು ಅಮ್ಮ ಜಗಳಕ್ಕೆ ನಿಂತಳು. "ಮೇಲೆ ಹೋದ್ರೆ ನಿಮ್ಮ ಮಗನಿಗೇ ಅನುಕೂಲ ಅಲ್ವಾ?" ಎಂದರು ಸಿಸ್ಟರ್. "ಅನುಕೂಲ ಬೇಡ, ಸತ್ಯ ಬೇಕು" ಎಂದಳು ಅಮ್ಮ. ಗೆರೆ ಅಳಿಸಿ ಮತ್ತೆ ಎಳೆಯಲಾಯಿತು.

ಹಾಸಿಗೆಯಲ್ಲಿ ಕುಳಿತರೆ ಹುಚ್ಚು ಹಿಡಿಯುವ ಹಾಗಿತ್ತು. ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ಮಧ್ಯಾಹ್ನ ಕೆಳಗಿಳಿದು ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲಿನ ಗಾಜಿನಿಂದ ಕಾಣುತ್ತಿತ್ತು: ಸಣ್ಣ ಜ್ವಾಲೆ, ಅದರಲ್ಲಿ ಕೆಂಪಗೆ ಕಾಯಿಸಿ ಆರಿಸುವ ತಂತಿ, ಅಂಗೈಯಗಲದ ಮುಚ್ಚಳದ ತಟ್ಟೆಗಳು, ಮೈ ಬಿಸಿಯಷ್ಟೇ ಬಿಸಿ ಇಟ್ಟುಕೊಂಡಿರುವ ಕಪಾಟು. ನಾಳೆ ಮೇಡಂ ಒಂದು ಗಂಟೆಗೆ ಸರಿಯಾಗಿ ಹೊರಬಂದು, ಮೊಳಕೈವರೆಗೆ ಸೋಪು ಹಚ್ಚಿ ತೊಳೆದು, ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಒಳಗೆ ನೀರು ಕೂಡ ಕುಡಿಯುವಂತಿಲ್ಲ ಎಂಬುದು ಅವರದೇ ಕಾನೂನು.

ಅವರು ಆ ಲ್ಯಾಬಿಗೆ ಬಂದದ್ದು ಇಪ್ಪತ್ತನೇ ವಯಸ್ಸಿಗೆ, ಬಾಟಲಿ ತೊಳೆಯುವ ತಾತ್ಕಾಲಿಕ ಕೆಲಸಕ್ಕೆ. ಆಗಿನ ಹಿರಿಯ ಟೆಕ್ನಿಷಿಯನ್ ಒಬ್ಬರು, "ತೊಳೆಯೋಳಿಗೆ ಏನು ತೊಳೀತಿದ್ದೀನಿ ಅಂತ ಗೊತ್ತಿರಬೇಕು" ಎಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರಂತೆ. ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿದರು. ಮಗಳು ಹೊಟ್ಟೆಯಲ್ಲಿದ್ದಾಗ ಪರೀಕ್ಷೆ ಬರೆದರು. ಗಂಡ ಬಸ್ ಕಂಡಕ್ಟರ್. "ನನ್ನ ಯಜಮಾನ್ರು ಹೇಳ್ತಾರೆ, ಅಂಗಿಗೆ ಗುಂಡಿ ತರೋಕೆ ಕಳಿಸಿದ್ರೂ ಎಷ್ಟು ಮಿಲಿಮೀಟರ್ ಅಂತ ಚೀಟೀಲಿ ಬರೀತಾಳೆ ಅಂತ."

ಮಿಲಿಮೀಟರು ಅವರ ಬದುಕಿನ ಅಳತೆ. ರೋಗಾಣು ಹರಡಿದ ತಟ್ಟೆಯ ಮೇಲೆ ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಒಂದು ದಿನ ಬಿಡುತ್ತಾರೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಸ್ವಚ್ಛ ವೃತ್ತ ಉಳಿಯುತ್ತದೆ. ಆ ವೃತ್ತದ ಅಗಲವನ್ನು ಸ್ಕೇಲಿಟ್ಟು ಅಳೆದು ಇಂಥ ಔಷಧ ಕೊಡಿ ಎಂದು ಹೇಳುವುದು ಕೆಲಸ. ಆಸ್ಪತ್ರೆಯ ರಿಜಿಸ್ಟರಿನ ಜೊತೆಗೆ ಅವರದೇ ಒಂದು ಉದ್ದನೆಯ ನೋಟ್‌ಬುಕ್ಕು ಇತ್ತು. ಒಂದು ದಿನ ಗಾಜಿನ ಆಚೆಯಿಂದ ಅದರ ಪುಟ ತೋರಿಸಿದರು. ಒಂದೇ ಔಷಧ, ವರ್ಷಕ್ಕೊಂದು ಸಾಲು. ಇಪ್ಪತ್ನಾಲ್ಕು, ಇಪ್ಪತ್ತಮೂರು, ಇಪ್ಪತ್ತು, ಹದಿನೇಳು, ಹನ್ನೆರಡು. ಕೊನೆಯ ನಾಲ್ಕು ವರ್ಷ ಆರು, ಆರು, ಆರು, ಆರು.

"ಆರಕ್ಕೆ ನಿಂತಿದೆಯಲ್ಲ ಮೇಡಂ, ಪರವಾಗಿಲ್ವಾ?" ಎಂದೆ, ಅವರು ಊಟಕ್ಕೆ ಬೆಂಚಿಗೆ ಬಂದಾಗ, ದೊಡ್ಡ ತಜ್ಞನ ಹಾಗೆ.

"ಬಿಲ್ಲೆ ಅಗಲವೇ ಆರು," ಎಂದರು. "ಅಂದ್ರೆ ಕಾಗದ ಮಾತ್ರ ಉಳಿದಿದೆ. ಔಷಧ ಹೋಯ್ತು."

ಅದು ಕೆಂಪು ಹಳದಿ ಕ್ಯಾಪ್ಸೂಲಿನ ಸಾಲು. ನಾನು ಮೂರು ವರ್ಷ ಅದನ್ನು ಕತ್ತರಿಸಿ ಕತ್ತರಿಸಿ ಹಂಚಿದ್ದೆ.

"ನೀನು ಎರಡು ದಿನ ನುಂಗಿದೆ. ಬಡಪಾಯಿಗಳು ಸತ್ತರು, ಗಟ್ಟಿಗರು ಉಳಿದರು. ನೋವು ಇಳೀತು ಅಂತ ನಿಲ್ಲಿಸಿದೆ. ಆ ಗಟ್ಟಿಗರು ಖಾಲಿ ಜಾಗದಲ್ಲಿ ಸಂಸಾರ ಬೆಳೆಸಿದ್ರು. ಆಮೇಲೆ ಇನ್ನೊಂದು ಬಣ್ಣ ಎರಡು ದಿನ. ಬೆರಳು ಅಂತೀಯ, ನೀನು ಅಲ್ಲಿ ಗರಡಿಮನೆ ಇಟ್ಟಿದ್ದೀಯ." ಒಂದು ತುತ್ತು ತಿಂದು ಮುಂದುವರಿಸಿದರು. "ನೀನೊಬ್ಬನೇ ಅಲ್ಲ. ನೆಗಡಿಗೂ ಅದನ್ನೇ ಬರೆಯೋ ಡಾಕ್ಟ್ರಿದ್ದಾರೆ. ಕೋಳಿ ಬೇಗ ದಪ್ಪ ಆಗಲಿ ಅಂತ ಮೇವಲ್ಲಿ ಬೆರೆಸೋರಿದ್ದಾರೆ, ನನ್ನ ಭಾವಮೈದುನನೇ ಮಾಡ್ತಿದ್ದ. ಅವನ ಮನೇಲಿ ಎರಡು ವರ್ಷ ನೀರು ಕುಡೀಲಿಲ್ಲ ನಾನು. ಈಗ ಬಿಟ್ಟಿದ್ದಾನೆ. ಈಗ ಕುಡೀತೀನಿ."

"ಯಾರು ಕೇಳಿದ್ರೂ ನಾಳೆ ಅಂತೀರಲ್ಲ, ಅದಕ್ಕೂ ಅಳತೆ ಇದೆಯಾ?" ಎಂದು ಇನ್ನೊಂದು ದಿನ ಕೇಳಿದೆ.

ಅವರು ಒಂದು ಹಳೆಯ ಕಥೆ ಹೇಳಿದರು. ಕೆಲಸಕ್ಕೆ ಸೇರಿ ಆರನೇ ವರ್ಷ, ಒಬ್ಬ ದೊಡ್ಡ ಡಾಕ್ಟರು ಫೋನಿನಲ್ಲಿ ಕೂಗಾಡಿದರಂತೆ, ಈಗಲೇ ರಿಪೋರ್ಟ್ ಬೇಕು ಎಂದು. ತಟ್ಟೆಗೆ ಇನ್ನೂ ಪೂರ್ತಿ ದಿನ ಆಗಿರಲಿಲ್ಲ. ವೃತ್ತ ಸ್ವಚ್ಛವಾಗಿಯೇ ಕಂಡಿತು. ಇವರು ಔಷಧದ ಹೆಸರು ಹೇಳಿಬಿಟ್ಟರು. ಮರುದಿನ ನೋಡಿದರೆ ಆ ವೃತ್ತದೊಳಗೆ ತೆಳ್ಳಗೆ ಮಂಜು ಮುಸುಕಿದ ಹಾಗೆ ಬೆಳೆ. ತಡವಾಗಿ ಏಳುವ ಗಟ್ಟಿಗರು. ಓಡಿಹೋಗಿ ಹೇಳಿದರು, ಔಷಧ ಬದಲಾಯಿಸಿದರು. ಆ ವೇಳೆಗೆ ರೋಗಿ, ಒಬ್ಬ ವಯಸ್ಸಾದ ದರ್ಜಿ, ಕೈಮೀರಿ ಹೋಗಿದ್ದರು.

"ಆಮೇಲೆ?"

"ಆಮೇಲೇನು. ಅವರ ಮಗ ಲ್ಯಾಬಿನವರೆಗೂ ಬಂದ. ನೀವೆಲ್ಲ ತುಂಬ ಪ್ರಯತ್ನ ಪಟ್ರಿ, ಉಪಕಾರ ಆಯ್ತು ಅಂತ ಕೈ ಮುಗಿದು ಹೋದ." ಅವರು ಊಟದ ಡಬ್ಬಿಯ ಮುಚ್ಚಳ ಹಾಕಿದರು. "ನಿಜ ಹೇಳೋಕೆ ಬಾಯಿ ಬರ್ಲಿಲ್ಲ ನನಗೆ. ಅವತ್ತಿಂದ ನನ್ನ ಬಾಯಲ್ಲಿ ಒಂದೇ ಮಾತು. ಯಾರು ಏನು ಬೇಕಾದ್ರೂ ಅಂದ್ಕೊಳ್ಳಲಿ."

ಐದನೇ ದಿನ ನಮ್ಮ ಯಜಮಾನರು ನೋಡಲು ಬಂದರು. ಒಳ್ಳೆಯ ಮನುಷ್ಯ. ನನ್ನ ಕೈ ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅಮ್ಮ ಆಚೆ ಹೋದಾಗ ಜೇಬಿನಿಂದ ಒಂದು ಸ್ಟ್ರಿಪ್ ತೆಗೆದು ದಿಂಬಿನ ಕೆಳಗೆ ತುರುಕಿದರು. "ಹೊಸದು ಬಂದಿದೆ. ಕಂಪನಿಯವನು ಆಣೆ ಮಾಡಿ ಹೇಳಿದ್ದಾನೆ. ಯಾರಿಗೂ ಹೇಳ್ಬೇಡ, ಎರಡು ನುಂಗು."

ಅವತ್ತು ಸಂಜೆ ಬೆರಳು ಮಿಡಿಯುತ್ತಿತ್ತು. ಕೆಂಪು, ಗೆರೆಗೆ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿತ್ತು. ಒಂದೇ ಒಂದು ನುಂಗಿದರೆ ಏನಾದೀತು ಎಂದು ಮನಸ್ಸು ಗಿರಾಕಿಯ ದನಿಯಲ್ಲೇ ಕೇಳಿತು. ನಾನು ಮಾತ್ರೆ ಬಾಯಿಗೆ ಹಾಕಿಕೊಂಡೆ. ಹೌದು, ಹಾಕಿಕೊಂಡೆ. ಆಗ ಸಿಸ್ಟರ್ ಥರ್ಮಾಮೀಟರ್ ಹಿಡಿದು, "ಬಾಯಿ ತೆಗೀರಿ" ಎಂದರು. ನಾನು ಮುಖ ತಿರುಗಿಸಿ ಮಾತ್ರೆಯನ್ನು ಅಂಗೈಗೆ ಉಗುಳಿದೆ. ಇಷ್ಟೇ ನನ್ನ ಆತ್ಮಸಂಯಮದ ಇತಿಹಾಸ. ಆದರೆ ಉಗುಳಿದ ಮೇಲೆ, ಒದ್ದೆಯಾದ ಆ ಮಾತ್ರೆಯನ್ನೂ ಉಳಿದ ಸ್ಟ್ರಿಪ್ಪನ್ನೂ ಹಿಡಿದು ಕೆಳಗಿಳಿದು ಹೋದೆ. ನಾಳೆ ಮೇಡಂ ಮನೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು.

"ನುಂಗಿದ್ಯಾ?"

"ನಾಲಿಗೆವರೆಗೆ ಬಂದಿತ್ತು. ಉಗುಳಿದೆ."

"ಬಾಯಿ ತೊಳೆದ್ಯಾ?"

"ತೊಳೆದೆ."

ಅವರು ಸ್ಟ್ರಿಪ್ ಇಸಕೊಂಡು, ಹೆಸರು ಓದಿ, ಕನ್ನಡಕ ಸರಿಮಾಡಿಕೊಂಡರು. "ಇದು ಬೇರೆ ಯಾವುದಕ್ಕೂ ಬಗ್ಗದೆ ಇರೋರಿಗೆ ಅಂತ ಇಟ್ಕೊಂಡಿರೋ ಔಷಧ. ಇದನ್ನೂ ನಿಮ್ಮ ಡಬ್ಬಿಗೆ ತಂದ್ರಾ?" ಎಂದರು. ಬೈಗುಳ ಅಷ್ಟೇ. ಆದರೆ ಮನೆಗೆ ಹೋಗುವ ಬದಲು ಮತ್ತೆ ಚಪ್ಪಲಿ ಬಿಟ್ಟು ನನ್ನ ಪಕ್ಕ ಬೆಂಚಿನ ಮೇಲೆ ಕುಳಿತರು. ಅರ್ಧ ಗಂಟೆ ಕುಳಿತಿದ್ದರು. ಆ ಅರ್ಧ ಗಂಟೆಯಲ್ಲಿ ಅವರ ಬಸ್ಸು ಹೋಯಿತು.

ಕೆಂಪು ಬಂದು ಗೆರೆಯನ್ನು ಮುಟ್ಟಿತು, ದಾಟಲಿಲ್ಲ. ಎಂಟನೇ ದಿನ ಬೆಳಿಗ್ಗೆ ಸರ್ಜನ್ ಬೆರಳನ್ನು ಮರಗಟ್ಟಿಸಿ ಮೂಳೆಯಿಂದ ಕೊತ್ತಂಬರಿ ಕಾಳಿನ ಅರ್ಧದಷ್ಟು ಚೂರು ತೆಗೆದರು. ಥಿಯೇಟರ್ ಬಾಗಿಲಲ್ಲಿ ನಾಳೆ ಮೇಡಂ ಸ್ವತಃ ಬಾಟಲಿ ಹಿಡಿದು ನಿಂತಿದ್ದರು. ಚೂರು ಒಣಗುವ ಮುಂಚೆ ತಾವೇ ಒಯ್ದರು. ಮಧ್ಯಾಹ್ನ ಅಮ್ಮ ಬೆಂಚಿನ ಬಳಿ ಹೋಗಿ ಕೇಳಿದಳು. "ನಾಳೆ" ಎಂದರಂತೆ. ಮರುದಿನ ಬೆಳೆ ಬಂದಿತ್ತು, ಆದರೆ ಅದರ ಮೇಲೆ ಬಿಲ್ಲೆಗಳನ್ನು ಇಟ್ಟು ಮತ್ತೆ "ನಾಳೆ" ಎಂದರು. ಜೀವಮಾನದಲ್ಲಿ ಮೊದಲ ಸಲ ಆ ಮಾತು ನನಗೆ ಭರವಸೆಯ ಹಾಗೆ ಕೇಳಿಸಿತು.

ಮೂರನೇ ದಿನ ಗಾಜಿನ ಬಾಗಿಲ ಆಚೆ ನಿಂತು ಅವರು ತಟ್ಟೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಮೂರು ತಟ್ಟೆ, ಹದಿನಾಲ್ಕು ಬಿಲ್ಲೆ. ಹನ್ನೊಂದರ ಸುತ್ತ ಹುಲ್ಲುಹಾಸಿನ ಹಾಗೆ ದಟ್ಟವಾದ ಬೆಳೆ. ಕೆಂಪು ಹಳದಿ, ಬಿಳಿ, ಗುಲಾಬಿ, ನೀಲಿ, ನನ್ನ ನಾಲ್ಕೂ ಬಣ್ಣ ಅದರಲ್ಲೇ ಮುಳುಗಿದ್ದವು. ಎರಡರ ಸುತ್ತ ಅನುಮಾನದ ಉಂಗುರ. ಕೊನೆಯ ತಟ್ಟೆಯ ಅಂಚಿನಲ್ಲಿ ಒಂದೇ ಒಂದು ಬಿಲ್ಲೆಯ ಸುತ್ತ ತೊಳೆದಿಟ್ಟ ಹಾಗೆ ಸ್ವಚ್ಛವಾದ ವೃತ್ತ. ಅವರು ಸ್ಕೇಲಿಟ್ಟರು. ಎರಡು ಬೆರಳು ಎತ್ತಿ, ಮತ್ತೆ ಎರಡು ಬೆರಳು ಎತ್ತಿದರು. ಇಪ್ಪತ್ತೆರಡು. ಅಮ್ಮ ಗಾಜಿಗೆ ಹಣೆ ಹಚ್ಚಿ ಅತ್ತಳು. ಗಾಜು ಒರೆಸಿದ್ದು ನಾನು, ಎಡಗೈಯಲ್ಲಿ.

ಅದೊಂದು ಹಳೆಯ ಇಂಜೆಕ್ಷನ್. ದಿನಕ್ಕೆ ಎರಡು ಸಲ, ಆರು ವಾರ. ಯಾರೂ ಬರೆಯುವುದಿಲ್ಲವೆಂದು ನಮ್ಮ ಸಾಲಿನ ನಾಲ್ಕೂ ಅಂಗಡಿಗಳಲ್ಲಿ ಇರಲಿಲ್ಲ. ಯಜಮಾನರು ಸ್ಕೂಟರಿನಲ್ಲಿ ಊರೆಲ್ಲ ಸುತ್ತಿ, ನಾಲ್ಕನೆಯ ಡೀಲರರ ಗೋದಾಮಿನಲ್ಲಿ ಹುಡುಕಿಸಿ ತಂದರು. ಪೆಟ್ಟಿಗೆ ಕೈಗಿಡುವಾಗ ಅವರು ನನ್ನ ಮುಖ ನೋಡಲಿಲ್ಲ. "ಅವತ್ತು ಕೊಟ್ಟೆನಲ್ಲ, ಅದನ್ನ ನೀನು…" ಎಂದು ನಿಲ್ಲಿಸಿದರು. "ಇಲ್ಲ ಸಾರ್, ನುಂಗಲಿಲ್ಲ" ಎಂದೆ. ದೊಡ್ಡ ಉಸಿರು ಬಿಟ್ಟರು. ಮರುದಿನ ಬಿಸ್ಕತ್ತಿನ ಡಬ್ಬಿಯನ್ನು ತಾವೇ ಹೊತ್ತು ತಂದು ಆಸ್ಪತ್ರೆಯ ಕಸ ಸುಡುವ ವಿಭಾಗಕ್ಕೆ ಕೊಟ್ಟು ಹೋದರು.

ಆರು ವಾರದಲ್ಲಿ ಎಂಬತ್ತನಾಲ್ಕು ಸೂಜಿ. ಎರಡನೇ ವಾರಕ್ಕೇ ನೋವು ಹೋಗಿತ್ತು, ಊತ ಇಳಿದಿತ್ತು. ಹಳೆಯ ನಾನಾಗಿದ್ದರೆ ಅಲ್ಲಿಗೇ ಕೈಕೊಡವಿಕೊಂಡು ಎದ್ದುಬಿಡುತ್ತಿದ್ದೆ. ಒಂದನ್ನೂ ತಪ್ಪಿಸಲಿಲ್ಲ. ಮನೆಗೆ ಕಳಿಸಿದ ಮೇಲೂ ಬೆಳಿಗ್ಗೆ ಸಂಜೆ ರಸ್ತೆ ದಾಟಿ ಬಂದು ಚುಚ್ಚಿಸಿಕೊಂಡೆ.

ಈಗ ನಾನು ಕೌಂಟರಿನಲ್ಲಿ ಚೀಟಿ ಇಲ್ಲದವರಿಗೆ ಆಂಟಿಬಯಾಟಿಕ್ ಕೊಡುವುದಿಲ್ಲ, ಚೀಟಿ ಇದ್ದವರಿಗೆ ಬರೆದಷ್ಟೂ ಕೊಡುತ್ತೇನೆ. ವೈರಸ್ಸಿನ ನೆಗಡಿಗೆ ಅದು ಏನೂ ಮಾಡುವುದಿಲ್ಲ ಎಂದು ಬಾಯಿ ನೋಯುವಷ್ಟು ಹೇಳುತ್ತೇನೆ. ಅರ್ಧ ಜನ ಬೈದುಕೊಂಡು ನಾಲ್ಕನೇ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಗುತ್ತದೆ. ಲೋಕ ನನ್ನಿಂದ ಬದಲಾಯಿತು ಎಂದು ಹೇಳುವಷ್ಟು ಸೊಕ್ಕು ಉಳಿದಿಲ್ಲ. ಉಳಿದ ಅರ್ಧ ಜನ ಮಾತ್ರ, "ಮುಂಚೆ ಚೆನ್ನಾಗಿದ್ದೆ ಕಣಪ್ಪ, ಈಗ ನಿಜವಾದ ಡಾಕ್ಟರ ಹಾಗೆ ಕಾಡ್ತೀಯ" ಎಂದು ಗೊಣಗಿ, ಪೂರ್ತಿ ಸ್ಟ್ರಿಪ್ ಒಯ್ಯುತ್ತಾರೆ.

ಇಂಜೆಕ್ಷನ್ ಮುಗಿದ ದಿನ ಸರ್ಜನ್ ಮುಷ್ಟಿ ಹಿಡಿಯಲು ಹೇಳಿದರು. ನಾಲ್ಕು ಬೆರಳು ಮಡಚಿದವು. ತೋರುಬೆರಳು ಮುಕ್ಕಾಲು ದಾರಿ ಬಂದು ನಿಂತಿತು. ತುದಿಯ ಗಿಣ್ಣು ಇನ್ನು ಬಾಗುವುದಿಲ್ಲ, ಉಗುರು ಸೊಟ್ಟಗೆ ಬರುತ್ತದೆ. "ಇಷ್ಟು ಸಾಕಲ್ಲ?" ಎಂದರು. ಸಾಕು ಸಾರ್, ಬೇಕಾದಷ್ಟಾಯಿತು.

ಕೆಳಗಿಳಿಯುವಾಗ ಮನಸ್ಸಿನಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ನಿಮ್ಮ ಋಣ, ಏಳು ಜನ್ಮ ಇತ್ಯಾದಿ. ನಾಳೆ ಮೇಡಂ ಬೆಂಚಿನ ಮೇಲೆ ಊಟಕ್ಕೆ ಕುಳಿತಿದ್ದರು. ಎದುರಿಗೆ ಹೋಗಿ ನಿಂತವನಿಗೆ, ಕೈ ಮುಗಿದು ಹೋದ ಆ ದರ್ಜಿಯ ಮಗ ನೆನಪಾದ. ಭಾಷಣ ಬಿಟ್ಟೆ. ಕೈ ಮುಂದೆ ಚಾಚಿ ಬೆರಳು ತೋರಿಸಿದೆ, ಅಷ್ಟೇ.

ಅವರು ಅದನ್ನು ಹಿಡಿದು, ಎಡಕ್ಕೆ ಬಲಕ್ಕೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಬಹುಶಃ ಮಿಲಿಮೀಟರಿನಲ್ಲೇ ನೋಡಿದರು.

"ಮಡಚು."

ಮಡಚಿದೆ. ಮುಕ್ಕಾಲು.

"ಹೂಂ," ಎಂದು ಊಟದ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ಮುಚ್ಚಳ ಬಿಗಿಯಾಗಿದೆ. ತೆಗೆದುಕೊಡು."

ಅಷ್ಟು ದಿನ ಅದೇ ಬೆಂಚಿನಲ್ಲಿ ಕುಳಿತು ನೋಡಿದ್ದೆ, ಆ ಮುಚ್ಚಳ ಅವರಿಗೆ ಒಂದು ದಿನವೂ ಬಿಗಿಯಾಗಿರಲಿಲ್ಲ. ಮೊದಲು ನಲ್ಲಿಗೆ ಹೋಗಿ ಎರಡೂ ಕೈಗಳನ್ನು ಸೋಪು ಹಚ್ಚಿ ಮೊಳಕೈವರೆಗೆ ತೊಳೆದು ಬಂದೆ. ಬಲಗೈಯಲ್ಲಿ ಮುಚ್ಚಳ ಹಿಡಿದು ತಿರುಗಿಸಿದೆ. ಸೊಟ್ಟ ಬೆರಳು ಅಂಚಿಗೆ ಒತ್ತಿ ನಿಂತಿತು, ಮುಚ್ಚಳ ಬಂತು.

"ಕೂತ್ಕೋ," ಎಂದರು. "ಇಬ್ಬರಿಗಾಗುವಷ್ಟಿದೆ."